ಗ್ಯಾಸ್ ಖಾಲಿ ಸಾರ್!

ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಲಾರಿಯ ಹೊಗೆಗೆ ನೇರವಾಗಿ ಸಿಕ್ಕಿಕೊಂಡಾಗಲೇ ಕಾರಿನ ಎಸಿ ಬಿಸಿಗಾಳಿ ಊದಲು ಶುರುವಿಟ್ಟುಕೊಳ್ಳುತ್ತದೆ. ಗಾಜು ಇಳಿಸಿದರೆ ಹೊಗೆ, ಏರಿಸಿದರೆ ಇಡ್ಲಿ ಪಾತ್ರೆ. ಗ್ಯಾರೇಜಿಗೆ ಹೋದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಸಿದ್ಧ: "ಗ್ಯಾಸ್ ಖಾಲಿ ಸಾರ್, ತುಂಬಿಸಿಬಿಡೋಣ."

ಖಾಲಿಯಾಗೋಕೆ ಅದೇನು ಪೆಟ್ರೋಲೇ? ಎಸಿ ಗ್ಯಾಸು ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್ ಅಂತ ಅದೇ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸಿನಿಂದ ಒಂದಿಷ್ಟು ಜಿನುಗುವುದು ಸಹಜ. ಆದರೆ ಯುಗಾದಿಗೆ ತುಂಬಿಸಿದ 400-500 ಗ್ರಾಂ ಆರ್134ಎ (ಕಾರಿನ ಎಸಿ ಗ್ಯಾಸಿನ ಹೆಸರು) ಗಣೇಶನ ಹಬ್ಬಕ್ಕೆ ಇಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಲೀಕ್ ಹುಡುಕಪ್ಪಾ ಅಂದರೆ ಉಗುಳಿನ ಪರೀಕ್ಷೆ. ಗ್ಯಾಸು ತುಂಬುವ ಬಾಯಿ, ಅಂದರೆ ಸರ್ವಿಸ್ ಪೋರ್ಟಿನ ಕ್ಯಾಪ್ ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ, ವಾಲ್ವಿನ ಬಾಯಿಗೆ ಸವರುವುದು. ಪಂಕ್ಚರ್ ಅಂಗಡಿಯಿಂದ ಬಂದ ವಿದ್ಯೆ. ಕಾರಿನ ಮಾಲೀಕರೂ ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಪರರ ಉಗುಳನ್ನು ದಿಟ್ಟಿಸುತ್ತಾರೆ. ಗುಳ್ಳೆ ಬರದಿದ್ದರೆ ಹೆಲ್ಪರ್ ಹುಡುಗ ತನ್ನದನ್ನೂ ಒಂದು ಕೈ ಸವರುತ್ತಾನೆ. ಗುಟ್ಕಾ ಹಾಕಿದ್ದರೆ ಬಣ್ಣವೂ ಉಚಿತ, ಲೀಕ್ ತೋರಿಸಲು ಹಾಕುವ ಯುವಿ ಡೈ ಬೇರೆ ಬೇಡ. ಗುಳ್ಳೆ ಬಂತೋ, ಒಳಗಿನ ವಾಲ್ವ್ ಪಿನ್ ಬದಲಿಸಿದರೆ ಆಯಿತು. ಬರಲಿಲ್ಲವೋ, "ಲೀಕೇ ಇಲ್ಲ ಸಾರ್!" ಇಡೀ ಸಿಸ್ಟಮ್ಮಿಗೆ ಇರುವುದು ಆ ಎರಡು ಪೋರ್ಟು ಮಾತ್ರವೇನೋ ಎಂಬಂತೆ.

ಟಾರ್ಚ್ ಹಿಡಿದು ಎಣ್ಣೆ ಜಿಡ್ಡು ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ. ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ಲೂ ಹೊರಬಂದು, ಅದಕ್ಕೆ ನಮ್ಮೂರಿನ ಧೂಳು ಮೆತ್ತಿಕೊಂಡಿರುತ್ತದೆ. ಕಲ್ಲೇಟು ತಿನ್ನುವ ಕಂಡೆನ್ಸರ್, ಹೋಸನ್ನು ಲೋಹದ ಪೈಪಿಗೆ ಬಿಗಿದಿರುವ ಕ್ರಿಂಪು, ಕಂಪ್ರೆಸರ್ ಪುಲ್ಲಿಯ ಹಿಂದಿನ ಶಾಫ್ಟ್ ಸೀಲು, ಎಲ್ಲ ನೋಡಬೇಕು. ಈ ಸೀಲಿನದೊಂದು ಕಥೆ. ಡಿಸೆಂಬರಿನಲ್ಲಿ ಗಾಜಿಳಿಸಿ ಲಾಲ್‌ಬಾಗಿನ ಪಕ್ಕ ಹೋದರೆ ಇವತ್ತಿಗೂ ಎಸಿ ನೆನಪಾಗುವುದಿಲ್ಲ. ಒಂದು ಕಾಲಕ್ಕೆ ವರ್ಷದ ಬಹುಪಾಲು ಹಾಗೇ ಇತ್ತು. ಆದರೆ ತಿಂಗಳುಗಟ್ಟಲೆ ಎಸಿ ಹಾಕದಿದ್ದರೆ ಸೀಲಿಗೆ ಎಣ್ಣೆ ಸಿಗದೆ ಒಣಗಿ, ಮಾರ್ಚಿಗೆ ಸೋರುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ 10 ನಿಮಿಷ ಎಸಿ ಓಡಿಸಿ.

ಜಿಡ್ಡು ಕಾಣದಿದ್ದರೆ, ಉಳಿದ ಗ್ಯಾಸನ್ನು ರಿಕವರಿ ಮಷೀನಿಗೆ ತೆಗೆದು, ಒಣ ನೈಟ್ರೋಜನ್ ಅನ್ನು ಸುಮಾರು 150 ಪಿಎಸ್‌ಐ ತುಂಬಿ ಸೋಪು ನೀರು ಹಾಕಬೇಕು. ಟೈರಿನ ಗಾಳಿ ಖಂಡಿತ ಬೇಡ, ಅದರ ತೇವ ಒಳಗೆ ಸೇರುತ್ತದೆ. ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಅಂದರೆ ವ್ಯಾಕ್ಯೂಮ್ ಹಾಕಿ, ಗೇಜಿನ ಮುಳ್ಳು ನೋಡಿದರೆ ಸೋರುತ್ತಿದೆ ಅಂತ ತಿಳಿದೀತು, ಎಲ್ಲಿ ಅಂತ ತಿಳಿಯದು. ಒತ್ತಡದಲ್ಲಿ ಮಾತ್ರ ಬಾಯಿ ಬಿಡುವ ಲೀಕು ಅದಕ್ಕೂ ಸಿಗುವುದಿಲ್ಲ. ಇನ್ನು ಗ್ಯಾಸು ಒಳಗಿರುವಾಗಲೇ ಲೀಕ್ ಹಿಡಿಯುವ ಡಿಟೆಕ್ಟರನ್ನು ಜಾಯಿಂಟಿನ ಕೆಳಗೆ ನಿಧಾನವಾಗಿ ಆಡಿಸಬೇಕು. ಆರ್134ಎ ಗಾಳಿಗಿಂತ ಭಾರ. ನೀರು ಹನಿಯುವ ಡ್ರೈನ್ ಪೈಪಿನ ಬಾಯಲ್ಲಿ ಡಿಟೆಕ್ಟರ್ ಕೂಗಿಕೊಂಡರೆ ಕೂಲಿಂಗ್ ಕಾಯಿಲ್ ಹೋಗಿದೆ. ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು. ಆಮೇಲೆ ರಸ್ತೆಯ ಪ್ರತಿ ಹಂಪಿಗೂ ಡ್ಯಾಶ್‌ಬೋರ್ಡ್ ಕಟಕಟ.

ಬಿಚ್ಚಿದ ಕಡೆಯೆಲ್ಲ ಜಾಯಿಂಟಿನ ರಬ್ಬರ್ ಬಳೆಗೆ, ಅಂದರೆ ಹೊಸ ಓ-ರಿಂಗಿಗೆ, ಎಣ್ಣೆ ಸವರಿ ಹಾಕಿ, ಅರ್ಧ ಗಂಟೆ ವ್ಯಾಕ್ಯೂಮ್ ಕೊಟ್ಟು, ಬಾನೆಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ಯಾಸನ್ನು ತೂಗಿ ತುಂಬಬೇಕು. ಜಾಸ್ತಿಯಾದರೂ ತಂಪು ಬರುವುದಿಲ್ಲ. ತಕ್ಕಡಿ ಎಲ್ಲಪ್ಪಾ ಅಂತ ಕೇಳಿ ನೋಡಿ. ಸಿಲಿಂಡರ್ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುತ್ತಾನೆ: "ಕೈಯಲ್ಲೇ ಗೊತ್ತಾಗುತ್ತೆ ಸಾರ್."