ಮೂರು ಧರ್ಮ, ಮೂವರು ಕ್ಷೌರಿಕರು

ನಮ್ಮ ಕಲಬುರಗಿಯಲ್ಲಿ ಸೌಹಾರ್ದ ಸಭೆಗಳಿಗೇನೂ ಬರವಿಲ್ಲ. ವೇದಿಕೆ ಮೇಲೆ ಸ್ವಾಮೀಜಿ, ಮೌಲಾನಾ, ಫಾದರ್, ಭಂತೇಜಿ ಸಾಲಾಗಿ ಕೂತಿರುತ್ತಾರೆ. ಎಲ್ಲ ಧರ್ಮವೂ ಕಲಿಸೋದು ವಿನಯ, ಗೌರವ ಅಂತ ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ನಿಜವೇ. ಆದರೆ ಯಾರು ಯಾರಿಗೆ ಬಾಗಬೇಕು ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅಪ್ಪನ ಗುಡಿಯಲ್ಲಿ, ಅಂದರೆ ಶರಣಬಸವೇಶ್ವರರ ದೇವಸ್ಥಾನದಲ್ಲಿ, ಬಂದೇನವಾಜರ ದರ್ಗಾದಲ್ಲಿ ನಾನೂ ತಲೆ ಬಾಗುತ್ತೇನೆ. ಅದರಲ್ಲಿ ನನ್ನದೇನೂ ಕಳೆದುಹೋಗುವುದಿಲ್ಲ, ಹಾಗಾಗಿ ಅದು ಸುಲಭ.

ಬೀದರಿಗೆ ಹೋದವರು ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಹೋಗಿ, ಅಲ್ಲಿನ ಲಂಗರ್‌ನಲ್ಲಿ ಊಟ ಮಾಡಿ ಬರುತ್ತಾರೆ. ಭಾಯಿ ಸಾಹಿಬ್ ಸಿಂಗ್ ಅದೇ ಬೀದರಿನವರು ಅನ್ನೋದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕ್ಷೌರಿಕರ ಮನೆತನ. 1699ರ ಬೈಸಾಖಿಯಂದು ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗ್ ‘ತಲೆ ಕೊಡುವವರು ಯಾರು’ ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಇವರೂ ಒಬ್ಬರು. ಗುರುಗಳು ಆ ಐವರಿಗೆ ದೀಕ್ಷೆಯ ಅಮೃತ ಕೊಟ್ಟರು. ಆಮೇಲೆ ಅವರ ಮುಂದೆ ತಾವೇ ಕೈಮುಗಿದು ನಿಂತು, ನನಗೂ ಕೊಡಿ ಎಂದರು. ಗುರುವಿಗೆ ಶಿಷ್ಯರ ಕೈಯಿಂದ ದೀಕ್ಷೆ!

ಅದಕ್ಕೂ ಸುಮಾರು ಐನೂರು ವರ್ಷ ಮೊದಲು, ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹಡಪದ ಅಪ್ಪಣ್ಣ ಇದ್ದರು. ಕ್ಷೌರಿಕನ ಮುಖ ಎದುರಾದರೆ ಅಪಶಕುನ ಅನ್ನುತ್ತಿದ್ದ ಕಾಲ. ಬಸವಣ್ಣನವರನ್ನು ಕಾಣಲು ಬಂದವರು ಮೊದಲು ಅಪ್ಪಣ್ಣನವರನ್ನೇ ಕಾಣಬೇಕಿತ್ತಂತೆ. ಅಪಶಕುನ ಅನ್ನುವವರಿಗೆ ಬಸವಣ್ಣ ಬುದ್ಧಿ ಹೇಳುತ್ತಾ ಕೂರಲಿಲ್ಲ, ಬಾಗಿಲಲ್ಲೇ ಅಪ್ಪಣ್ಣನವರನ್ನು ನಿಲ್ಲಿಸಿದರು. ಅಪ್ಪಣ್ಣ ವಚನ ಬರೆದರು, ಅವರ ಹೆಂಡತಿ ಲಿಂಗಮ್ಮನೂ ಬರೆದರು.

ಮೂರನೆಯವರು ಉಪಾಲಿ. ನಮ್ಮ ಬುದ್ಧ ವಿಹಾರಕ್ಕೆ ಭಾನುವಾರ ಫೋಟೊ ತೆಗೆಸಿಕೊಳ್ಳಲು ಹೋಗುವವರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು. ಬುದ್ಧನ ಕುಲದವರೇ ಆದ ಶಾಕ್ಯರ ರಾಜಕುಮಾರರು ಭಿಕ್ಷುಗಳಾಗಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ‘ಮೊದಲು ಇವನಿಗೆ ದೀಕ್ಷೆ ಕೊಡಿ, ಆಗ ನಾವು ಇವನಿಗೆ ನಮಸ್ಕಾರ ಮಾಡಬೇಕಾಗುತ್ತದೆ, ನಮ್ಮ ಸೊಕ್ಕು ಇಳಿಯುತ್ತದೆ’ ಎಂದು ಕುಮಾರರೇ ಬುದ್ಧನನ್ನು ಕೇಳಿಕೊಂಡರು. ಹಾಗೇ ಆಯಿತು. ಬುದ್ಧ ತೀರಿಕೊಂಡ ಮೇಲೆ ಸೇರಿದ ಮೊದಲ ಸಭೆಯಲ್ಲಿ ಸಂಘದ ನಿಯಮಗಳನ್ನು ಒಪ್ಪಿಸಿದವರು ಇದೇ ಉಪಾಲಿ.

ಯೇಸು ಶಿಷ್ಯರ ಕಾಲು ತೊಳೆದದ್ದು, ಜನರಿಂದ ಮುಖ ತಿರುಗಿಸಬೇಡ ಎಂದು ಲುಕ್ಮಾನ್ ಮಗನಿಗೆ ಹೇಳಿದ ಮಾತು ಕುರಾನಿನಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಎಲ್ಲ ಕಡೆಯೂ ಗೌರವ ಮೇಲಿನಿಂದ ಕೆಳಗೆ ಹರಿದಿದೆ. ನಾವು ಅದನ್ನು ತಿರುವಿ ಹಾಕಿದ್ದೇವೆ. ದೊಡ್ಡವರಿಗೆ ‘ರೀ’, ಅಂಗಳ ಗುಡಿಸುವವರಿಗೆ ‘ಏ’. ಹಿರಿಯರಿಗೆ, ಗುರುಗಳಿಗೆ ನಮಸ್ಕರಿಸುವುದು ನಮ್ಮ ಸಂಸ್ಕೃತಿ ಅಲ್ವಾ ಅಂತ ಕಾಮೆಂಟಿನಲ್ಲಿ ಬರೆಯುವವರು ಇದ್ದೇ ಇರುತ್ತಾರೆ. ಮಾಡಿ, ಯಾರು ಬೇಡ ಅಂದರು? ಆದರೆ ಉಪಾಲಿಯ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಬಾಯಿಂದ ವಿನಯದ ಉಪದೇಶ ಕೇಳಲು ನನಗೆ ಕಷ್ಟ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ದಲಿತರಿಗೆ ಕಟಿಂಗ್ ಮಾಡಲು ಒಲ್ಲೆ ಅನ್ನುವ ಅಂಗಡಿಗಳ ಸುದ್ದಿ ನಮ್ಮ ರಾಜ್ಯದಿಂದ ಈಗಲೂ ಬರುತ್ತಿದೆ. ಎಷ್ಟೋ ಕಡೆ ಅಂಗಡಿಯವನಿಗೆ ಊರ ದೊಡ್ಡವರ ಹೆದರಿಕೆ. ಅವನನ್ನು ಬೈದು ಪ್ರಯೋಜನವಿಲ್ಲ, ಪೊಲೀಸರು ಬಂದು ಹೋದ ಮೇಲೆ ಅವನು ಅದೇ ಊರಲ್ಲಿ ಬಾಳಬೇಕು. ಇಂಥ ಊರಿಗೆ ಯಾವುದೇ ಮಠದ, ಯಾವುದೇ ಧರ್ಮದ ಗುರುಗಳು ಹೋಗಲಿ. ಆ ಅಂಗಡಿಯಲ್ಲಿ ದಲಿತ ಹುಡುಗನ ಪಕ್ಕ ಕೂತು, ‘ಮೊದಲು ಅವನದು ಆಗಲಿ, ಆಮೇಲೆ ನನ್ನದು’ ಎನ್ನಲಿ. ಗಡ್ಡ, ಜಡೆ ಬಿಟ್ಟವರು ಸುಮ್ನೆ ಬೆಂಚಿನ ಮೇಲೆ ಕೂತು ಪೇಪರ್ ಓದಿದರೂ ನಡೆಯುತ್ತದೆ.