ಕೀಗೆ ಹೂವೂ ಬೇಕು, ಕಾಯಿಯೂ ಬೇಕು

ಟ್ಯಾಕ್ಸಾನಮಿ (ಸಸ್ಯಗಳ ವರ್ಗೀಕರಣ) ಪ್ರಾಕ್ಟಿಕಲ್‌ನಲ್ಲಿ ಗಿಡ ಗುರುತಿಸೋಕೆ ಒಂದು ಕೀ, ಅಂದರೆ ಪ್ರಶ್ನೆ ಕೇಳುತ್ತಾ ಹೆಸರಿಗೆ ಮುಟ್ಟಿಸುವ ಪಟ್ಟಿ, ಕೊಡುತ್ತಾರಲ್ಲ, ಅದಕ್ಕೊಂದು ಕೆಟ್ಟ ಚಾಳಿ. ಕೈಯಲ್ಲಿ ಏನಿಲ್ಲವೋ ಅದನ್ನೇ ಕೇಳುತ್ತದೆ. ಹೂವು ಹಿಡಿದು ಕೂತರೆ ‘ಕಾಯಿ ಒಣಗಿ ಒಡೆಯುತ್ತದೋ, ಇಲ್ಲವೋ?’ ಕಾಯಿ ತಂದರೆ ‘ಕೇಸರ ಎಷ್ಟು?’ ಕೊಂಬೆಯ ತುದಿ ಚಿವುಟಿ ತಂದವರಿಗೆ ‘ಬುಡದಲ್ಲಿ ಗೆಡ್ಡೆ ಇದೆಯೋ?’ ಇದೆಲ್ಲ ದಾಟಿದರೆ ‘ಎಲೆ ಸಾಮಾನ್ಯವಾಗಿ ರೋಮಯುಕ್ತ’ ಅನ್ನುತ್ತದೆ. ಸಾಮಾನ್ಯವಾಗಿ! ಮುಂದಿರುವ ಗಿಡ ಸಾಮಾನ್ಯದ್ದೋ ಅಸಾಮಾನ್ಯದ್ದೋ, ಯಾರನ್ನು ಕೇಳೋಣ? ಪ್ರತಿ ಹಂತದಲ್ಲೂ ಇರುವುದು ಎರಡೇ ದಾರಿ. ಒಂದು ಕಡೆ ತಪ್ಪಿದರೂ ಮುಂದಿನದೆಲ್ಲ ಹೇಗೋ ಹೊಂದುತ್ತಾ ಹೋಗುತ್ತದೆ. ಕೊನೆಗೆ ಸಿಗುವುದು ದೊಡ್ಡ ಮರದ ಹೆಸರು, ಮೇಜಿನ ಮೇಲಿರುವುದು ಗೇಣುದ್ದದ ಕಳೆ.

ಎಲೆಯೋ, ಎಲೆಯೊಂದರ ಭಾಗವಾದ ಕಿರುಎಲೆಯೋ ಎಂಬ ಜಗಳ ಬೇಗ ತೀರುತ್ತದೆ: ತೊಟ್ಟಿನ ಕಂಕುಳಲ್ಲಿ ಮೊಗ್ಗಿದ್ದರೆ ಎಲೆ, ಇಲ್ಲದಿದ್ದರೆ ಕಿರುಎಲೆ. ಚೆಂದ ಅಂತ ಸುತ್ತುದಾಸವಾಳ ತಂದವರ ಪಾಡು ಮಾತ್ರ ಬೇಡ. ಅದರಲ್ಲಿ ಕೇಸರಗಳೇ ದಳಗಳಾಗಿರುತ್ತವೆ. ಪುಷ್ಪಸೂತ್ರ (ಹೂವಿನ ಭಾಗಗಳ ಲೆಕ್ಕವನ್ನು ಸಂಕೇತದಲ್ಲಿ) ಬರೆಯಲು ಐದೇ ದಳದ ಸಾದಾ ಹೂವು ಬೇಕು.

ನಿಜವಾದ ಪೇಚಾಟ ಅಂಡಾಶಯದ್ದು, ಹೂವಿನಲ್ಲಿ ಮುಂದೆ ಕಾಯಿಯಾಗುವ ಭಾಗದ್ದು. ಅದರೊಳಗೆ ಅಂಡಕಗಳು (ಮುಂದೆ ಬೀಜವಾಗುವವು) ಎಲ್ಲಿ ಅಂಟಿಕೊಂಡಿವೆ ಅಂತ ನೋಡಬೇಕಾದರೆ ಅಡ್ಡ ಕೊಯ್ಯಲೇಬೇಕು. ಸಾಸಿವೆ ಹೂವಿನ ಅಂಡಾಶಯವೋ ದಾರದಷ್ಟು ಸಣ್ಣ. ಬ್ಲೇಡ್ ಜಾರುತ್ತದೆ, ಅಂಡಾಶಯ ಚಿಮ್ಮಿ ಪಕ್ಕದವರ ರೆಕಾರ್ಡ್ ಪುಸ್ತಕ ಸೇರುತ್ತದೆ, ಸೆಕ್ಷನ್ ಅಚ್ಚುಕಟ್ಟಾಗಿ ಬಂದಿರುವುದು ಬೆರಳಿನದು. ಹೊಸ ಬ್ಲೇಡ್ ಹಿಡಿದು, ಗರಗಸದ ಹಾಗೆ ಆಡಿಸದೆ ಒಂದೇ ಎಳೆತಕ್ಕೆ ಕೊಯ್ಯಿರಿ. ಒಂದು ಹನಿ ನೀರು ಬಿಟ್ಟು ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ದಳ ಉದುರಿದ ಹಳೆ ಹೂವಾದರೆ ಇನ್ನೂ ವಾಸಿ, ಅಂಡಾಶಯ ಊದಿಕೊಂಡಿರುತ್ತದೆ.

ಕೊಯ್ದ ಮೇಲೂ ಮೋಸ ತಪ್ಪಿದ್ದಲ್ಲ. ಸಾಸಿವೆಯಲ್ಲಿ ಅಂಡಕಗಳು ಗೋಡೆಗೆ ಅಂಟಿರುತ್ತವೆ, ಆದರೆ ನಡುವೆ ಒಂದು ಸುಳ್ಳು ಗೋಡೆ ಎದ್ದು ಎರಡು ಕೋಣೆ ತೋರಿಸುತ್ತದೆ. ಅರ್ಧ ತರಗತಿ ‘ಆಕ್ಸೈಲ್’, ಅಂದರೆ ಅಂಡಕಗಳು ನಡುವಿನ ಅಕ್ಷಕ್ಕೆ ಅಂಟಿವೆ, ಅಂತ ಬರೆದಿರುತ್ತದೆ. ಸೌತೆ ಜಾತಿಯಲ್ಲಿ ಅಂಡಕ ಹೊತ್ತ ಭಾಗ ಗೋಡೆಯಿಂದ ಹೊರಟು ನಡುಮಧ್ಯಕ್ಕೇ ಬಂದು ಕೂತು, ಅಲ್ಲೇ ಹುಟ್ಟಿದ್ದೆ ಅನ್ನುವ ಠೀವಿ ತೋರಿಸುತ್ತದೆ. ಡಯಾಂಥಸ್ (ಕಾರ್ನೇಷನ್) ಕುಟುಂಬದಲ್ಲಿ ತೀರ ಬುಡಕ್ಕೆ ಕೊಯ್ದರೆ ಗೋಡೆಗಳ ಪಳೆಯುಳಿಕೆ ಕಾಣಬಹುದು, ನಡುವೆ ಕೊಯ್ದರೆ ಗೋಡೆಯೇ ಇಲ್ಲ. ಒಂದೇ ಹೂವು, ಬ್ಲೇಡ್ ಒಂದು ಮಿಲಿಮೀಟರ್ ಸರಿದರೆ ಕುಟುಂಬವೇ ಬೇರೆ! ಅದಕ್ಕೇ ಕನಿಷ್ಠ ಮೂರು ಹೂವು ಇಟ್ಟುಕೊಳ್ಳಿ: ಅಡ್ಡಕ್ಕೊಂದು, ಉದ್ದಕ್ಕೊಂದು, ಹಾಳಾಗಲಿಕ್ಕೊಂದು.

ಗಿಡವನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಡುವ ಹರ್ಬೇರಿಯಂನದು ಬೇರೆ ರಾಮಾಯಣ. ಮೊದಲ ಕೆಲವು ದಿನ ಗಿಡ ಒತ್ತಿಟ್ಟ ಪತ್ರಿಕೆ ಬದಲಿಸದಿದ್ದರೆ ಗಿಡದ ಜೊತೆ ಬೂಷ್ಟನ್ನೂ ಗುರುತಿಸಬೇಕಾಗುತ್ತದೆ. ಶಂಖಪುಷ್ಪದ ಆ ನೀಲಿ ಹಾಳೆಯಲ್ಲಿ ಉಳಿಯುವುದು ಕಷ್ಟ; ಕೀಳುವಾಗಲೇ ಬಣ್ಣ, ವಾಸನೆ, ಹಾಲು ಬರುತ್ತದೋ ಇಲ್ಲವೋ ಎಲ್ಲ ಬರೆದಿಡದಿದ್ದರೆ ಆಮೇಲೆ ಎಲ್ಲ ಹೂವೂ ಕಂದು. ಅಷ್ಟು ಚೆಂದದ್ದಕ್ಕೆ ‘ನೀಲಿ’ ಅನ್ನುವ ಒಂದೇ ಪದ ಬರೆಯುವಾಗ ಸ್ವಲ್ಪ ಸಂಕಟವಾಗುತ್ತದೆ, ನಿಜ.

ಇಷ್ಟಾದ ಮೇಲೆ ಹೆಸರೇ ಬದಲಾದರೆ? ಜಾಲಿ ಅಕೇಶಿಯಾ ನೈಲೋಟಿಕಾ ಆಗಿತ್ತು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ‘ಅಕೇಶಿಯಾ’ವನ್ನು ಆಸ್ಟ್ರೇಲಿಯಾದ ಬಂಧುಗಳಿಗೆ ಬಿಟ್ಟುಕೊಟ್ಟಿತು, 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ಜಾಲಿ ಈಗ ವಚೇಲಿಯಾ. ಮುಳ್ಳು ಮಾತ್ರ ಮೊದಲಿನಷ್ಟೇ ಚುಚ್ಚುತ್ತದೆ. ಹಳೆಯ ಲೇಬಲ್ ಕೀಳುವಂತಿಲ್ಲ, ಹೊಸ ಹೆಸರಿನ ಚೀಟಿ ಪಕ್ಕದಲ್ಲಿ ಅಂಟಿಸಬೇಕು. ಹಾಗಾಗಿ ಗಿಡ ಅಂಟಿಸುವಾಗಲೇ ಹಾಳೆಯಲ್ಲಿ ಧಾರಾಳ ಜಾಗ ಬಿಡಿ.