ನೆಮ್ಮದಿಗಾಗಿ ಕೊಡಗಿಗೇ ಹೋಗಬೇಕಾ?

ಮನಸ್ಸು ಸರಿ ಇಲ್ಲ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ಎಲ್ಲಾದರೂ ನಾಲ್ಕು ದಿನ ಹೋಗಿ ಬಾ. ಎಲ್ಲಾದರೂ ಅಂದರೆ ಕೊಡಗು, ಚಿಕ್ಕಮಗಳೂರು, ಇಲ್ಲಾಂದ್ರೆ ಊಟಿ. ಮಂಜು, ಜಲಪಾತ ಇದ್ದರೆ ಮಾತ್ರ ನಿಸರ್ಗ, ನಮ್ಮ ಬೀದರ್ ಅಂದ್ರೆ ಬರೀ ಬಿಸಿಲು, ಕೆಂಪು ಕಲ್ಲು ಅನ್ನೋ ಭಾವನೆ ನಮ್ಮವರಲ್ಲೇ ಜಾಸ್ತಿ. ಇದನ್ನು ನಾನು ಒಪ್ಪಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರು ಇರುವಾಗ, ಸಾಲದ ಕಂತು ತಲೆ ಮೇಲೆ ಇರುವಾಗ ನಾಲ್ಕು ದಿನ ಊರು ಬಿಡೋಕೆ ಯಾರಿಗಾಗುತ್ತೆ ಹೇಳಿ? ಅಂಥವರಿಗೆ ಬೇಕಾಗಿರೋದು ಸ್ಕೂಟಿ ತೆಗೆದು ಹೋಗಿ, ಅಡುಗೆ ಹೊತ್ತಿಗೆ ವಾಪಸ್ ಬರುವಂಥ ಜಾಗ.

ನನಗೆ ಇದು ತಿಳಿದದ್ದು ಅಪ್ಪನಿಗೆ ಲಕ್ವಾ ಹೊಡೆದ ವರ್ಷ. ಹೈದರಾಬಾದ್ ಆಸ್ಪತ್ರೆ ಮುಗಿಸಿ ಮನೆಗೆ ಕರೆದುಕೊಂಡು ಬಂದೆವು. ಬಲಗೈ, ಬಲಗಾಲು ಸ್ವಾಧೀನ ಇರಲಿಲ್ಲ. ಮಾತು ತೊದಲುತ್ತಿತ್ತು. ಬೆಳಗ್ಗೆ ಅವ್ವ ಅವರಿಗೆ ಚಹಾ ಕುಡಿಸುವ ಹೊತ್ತಿನಲ್ಲಿ ನಾನು ಪಾಪನಾಶ ಕೆರೆ ಕಡೆ ಹೋಗುತ್ತಿದ್ದೆ. ದೇವರಿಗೆ ಕೈ ಮುಗಿದು ನೀರಿನ ಹತ್ತಿರ ಸುಮ್ನೆ ಕೂತುಬಿಡುತ್ತಿದ್ದೆ. ಶುರುವಿನಲ್ಲಿ ಅಳುವುದಕ್ಕೇ ಹೋಗುತ್ತಿದ್ದೆ ಅನ್ನಿ. ಮನೆಯಲ್ಲಿ ಅಳೋಕೆ ಜಾಗ ಇರಲಿಲ್ಲ.

ಅಲ್ಲೊಂದು ಮಿಂಚುಳ್ಳಿ ಇತ್ತು. ನೀರಿನ ಮೇಲೆ ಬಾಗಿದ ಒಂದೇ ಟೊಂಗೆಯ ಮೇಲೆ ಬಂದು ಕೂರೋದು. ತಲೆ ಮೇಲೆ ಕೆಳಗೆ ಆಡಿಸಿ, ಆಡಿಸಿ, ಪಟ್ಟನೆ ಬಿದ್ದರೆ ಮುಗೀತು. ಬಾಯಲ್ಲಿ ಮೀನು ಹಿಡಿದು ಮತ್ತೆ ಅದೇ ಟೊಂಗೆಗೆ ಬಂದು, ಆ ಮೀನನ್ನು ಟೊಂಗೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದು, ತಲೆ ಕಡೆಯಿಂದ ನುಂಗೋದು. ಎಷ್ಟೋ ಸಲ ಬರೀ ನೀರು ಕೊಡವಿಕೊಂಡು ವಾಪಸ್ ಬರುತ್ತಿತ್ತು. ಅದನ್ನೇ ನೋಡುತ್ತಾ ಕೂತರೆ ಔಷಧಿ ಚೀಟಿ, ಬಿಲ್ಲು, ಅಣ್ಣನ ಜೊತೆಗಿನ ಜಗಳ ಯಾವುದೂ ನೆನಪಿಗೆ ಬರುತ್ತಿರಲಿಲ್ಲ.

ಒಂದು ದಿನ ಆಡು ಕಾಯುವ ಕಾಕಾ ಒಬ್ಬರು ಹತ್ತಿರ ಬಂದು, "ಯಾಕವ್ವಾ, ದಿನಾ ಬಂದ್ ಕೂಡ್ತಿ, ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲ?" ಅಂದರು. ಅಪ್ಪನ ವಿಷಯ ಹೇಳಿದೆ. "ಅವರ್ನೂ ಕರ್ಕೊಂಡ್ ಬಾ. ಮನ್ಯಾಗ ಗ್ವಾಡಿ ನೋಡಿ ನೋಡಿ ಬ್ಯಾಸರಾಗಿರ್ತದ" ಅಂದರು. ಯಾವ ಡಾಕ್ಟರೂ ನಮಗೆ ಈ ಮಾತು ಹೇಳಿರಲಿಲ್ಲ. ಆಟೋದಲ್ಲಿ ಕರೆದುಕೊಂಡು ಹೋದೆವು. ಅಪ್ಪ ಎಡಗೈ ನೀರಿಗಿಟ್ಟು ಬಹಳ ಹೊತ್ತು ಹಾಗೇ ಕೂತರು. ಆಮೇಲೆ "ತಂಪದ" ಅಂದರು. ಆ ಒಂದು ಮಾತು ಸ್ಪಷ್ಟವಾಗಿ ಬಂತು.

ಆ ನೀರು ಎಲ್ಲಿಂದ ಬರುತ್ತೆ ಅನ್ನೋದು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತಿರಬೇಕು. ಬೀದರ್ ಪಟ್ಟಣ ಕೂತಿರೋದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಈ ಕಲ್ಲಿನ ತುಂಬ ತೂತು. ಮಳೆ ನೀರನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ನೀರು ಅದನ್ನು ದಾಟಿ ಸುಲಭಕ್ಕೆ ಇಳಿಯಲ್ಲ. ಪಕ್ಕಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತೆ. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಮಾಡುವ ಝರಣಿ ನರಸಿಂಹ ಕ್ಷೇತ್ರಕ್ಕೂ, ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾಕ್ಕೂ ಇಂಥದ್ದೇ ಝರಿ. ಪಂಜಾಬಿನಿಂದ ಇಲ್ಲಿಯ ನೀರು ಕುಡಿಯೋಕೆ ಜನ ಬರುತ್ತಾರೆ, ನಾವು ಬರಗಾಲದ ಊರು ಅಂತ ಕೊರಗುತ್ತೇವೆ.

ಬಹಮನಿ ಕಾಲದವರು ಈ ಕಲ್ಲಿನ ಗುಣ ಚೆನ್ನಾಗಿ ಅರಿತಿದ್ದರು. 15ನೇ ಶತಮಾನದಲ್ಲಿ ಪರ್ಷಿಯಾದ ತಂತ್ರ ತಂದು ನೌಬಾದ್ ಹತ್ತಿರ ನೆಲದೊಳಗೆ ಕಾಲುವೆ ಕೊರೆದರು. ಅದೇ ಸುರಂಗ ಬಾವಿ, ಕರೇಜ್. ನೆಲದಡಿ ಕಿಲೋಮೀಟರುಗಟ್ಟಲೆ ನೀರು ಹರಿಯಲು ದಾರಿ, ನಡುನಡುವೆ ಬಾವಿಯಂಥ ಬಾಯಿಗಳು. ಆ ಬಾಯಿಗಳಿಗೆ ಕಸ ಸುರಿದು ಮುಚ್ಚಿದವರು ನಾವು. ಕೆಲವು ವರ್ಷಗಳ ಹಿಂದೆ ಹೂಳು ತೆಗೆಸಿದ್ದಾರೆ, ಅಷ್ಟೇ ಸಮಾಧಾನ. ಆದರೆ ದಿಬ್ಬದ ಮೇಲೆಲ್ಲ ಲೇಔಟು, ಕಾಂಕ್ರೀಟು ಬಂದರೆ ಮಳೆ ಇಂಗೋದೆಲ್ಲಿ? ಝರಿಗೆ ನೀರು ಬರೋದೆಲ್ಲಿಂದ? ಇದನ್ನು ಯೋಚಿಸಿದರೆ ನನಗೆ ನಿಜವಾಗಿಯೂ ಭಯ ಆಗುತ್ತೆ.

ಹೊನ್ನಿಕೇರಿ ಕಾಡಿನ ಕಡೆ, ವಿಲಾಸಪುರದ ಕಡೆ ಹೋದರೆ ಅದೃಷ್ಟ ಇದ್ದಾಗ ಕೃಷ್ಣಮೃಗಗಳೂ ಕಾಣುತ್ತವೆ. ಬೆಳೆ ತಿನ್ನುತ್ತವೆ ಅಂತ ರೈತರಿಗೆ ಅವುಗಳ ಮೇಲೆ ಸಿಟ್ಟು, ಅದೂ ನ್ಯಾಯವೇ. ಪರಿಹಾರ ಸರಿಯಾಗಿ, ಬೇಗ ಸಿಗಬೇಕು.

ಒಂದು ಮಾತು ಬಿಡಿಸಿ ಹೇಳಬೇಕು. ಕೆರೆ ದಂಡೆ, ಬೇವಿನ ನೆರಳು ಇವು ಔಷಧಿ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತೆ ಅಂದ್ರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಈಗ ನನ್ನ ಚಿಂತೆ ಎಲ್ಲ ನೀಟ್ ಓದೋಕೆ ನಮ್ಮೂರಿಗೆ ಬರುವ ಮಕ್ಕಳದ್ದು. ಎಲ್ಲೆಲ್ಲಿಂದಲೋ ಬಂದು ಹಾಸ್ಟೆಲ್ಲಿನಲ್ಲಿ ಇರುತ್ತಾರೆ. ಬೆಳಗಿನಿಂದ ರಾತ್ರಿವರೆಗೆ ಕ್ಲಾಸು, ಟೆಸ್ಟು. ಕೆಲವರಿಗೆ ಕೋಟೆಯನ್ನೂ ನೋಡಲು ಬಿಡುವಿಲ್ಲ. ಬಂಡೆ ಕಡಿದು ಮಾಡಿದ ಮೂರು ಸಾಲು ಕಂದಕ, ಗೋಡೆಯ ಬಿರುಕಿನಿಂದ ಕೂಗುತ್ತಾ ಹಾರುವ ಗಿಳಿಗಳು, ಕಣ್ಣು ಹಾಯಿಸಿದಷ್ಟು ಬಯಲು. ಇಷ್ಟೆಲ್ಲ ಪಕ್ಕದಲ್ಲೇ ಇದೆ. ಹಾಸ್ಟೆಲ್ ನಡೆಸುವವರಿಗೆ, ತಂದೆ ತಾಯಿಗೆ ನನ್ನದು ಕೈ ಮುಗಿದ ವಿನಂತಿ. ಭಾನುವಾರ ಟೆಸ್ಟ್ ಮುಗಿದ ಮೇಲೆ ಮಕ್ಕಳನ್ನು ಎರಡು ತಾಸು ಹೊರಗೆ ಬಿಡಿ. ಪುಸ್ತಕ ಹಾಸ್ಟೆಲ್ಲಿನಲ್ಲೇ ಇರಲಿ. ಕರೆದುಕೊಂಡು ಹೋಗೋಕೆ ಜನ ಇಲ್ಲ ಅಂದ್ರೆ ಹೇಳಿ, ನಾನೇ ಬರ್ತೀನಿ. ದಾರಿಯಲ್ಲಿ ಝರಿ ಎಲ್ಲೆಲ್ಲಿದೆ ಅಂತಾನೂ ತೋರಿಸ್ತೀನಿ.